ಭಾವನ ವಿಮಾನಕ್ಕೆ ಎಷ್ಟು ಹೊತ್ತು?

ದರ್ಜಿ ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ದಾರ ಹಲ್ಲಿನಲ್ಲಿತ್ತು. ಹೆಂಡತಿಗೆ ಉತ್ತರ ಕೊಡದಿರಲು ಅಷ್ಟು ನೆಪ ಸಾಕಾಗಿತ್ತು.

"ಅಣ್ಣನ ಕಾಗದಕ್ಕೆ ಉತ್ತರ ಬರೆದ್ರಾ, ಇಲ್ವಾ? ಕೇಳಿ ಎಷ್ಟು ತಿಂಗಳಾಯ್ತು!"

"ಹ್ಞೂಂ" ಎಂದ ದರ್ಜಿ. ಅದು ಹೌದೂ ಆಗಬಹುದಿತ್ತು, ಇಲ್ಲವೂ ಆಗಬಹುದಿತ್ತು.

ಭಾವನಿಗೆ ಕಿವಿ ಮಂದ, ಆದ್ದರಿಂದ ಫೋನಿಲ್ಲ, ಕಾಗದವೇ. ಕೇಳಿದ್ದೂ ಇಷ್ಟೇ: ಅವರ ವಿಮಾನ ನಿಲ್ದಾಣದಿಂದ ಇವರದಕ್ಕೆ ಎಷ್ಟು ದೂರ, ಎಷ್ಟು ಹೊತ್ತು? ಬೆನ್ನುನೋವಿನ ಮನುಷ್ಯ, ಹತ್ತಿರವಾದರೆ ಎರಡು ದಿನ ಬಂದುಹೋಗುತ್ತಾರಂತೆ.

ಆ ಎರಡು ದಿನವೇ ದರ್ಜಿಗೆ ಗಂಟಲ ಮುಳ್ಳಾಗಿತ್ತು. ಮನೆಯಲ್ಲಿದ್ದದ್ದು ಒಂದೇ ಮಂಚ. ಹಿಂದಿನ ಸಲ ಭಾವ ಅದರ ಮೇಲೆ ಗರಗಸ ಎಳೆದಂತೆ ಗೊರಕೆ ಹೊಡೆದಿದ್ದರು. ದರ್ಜಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಮಡಚಿಟ್ಟ ಪ್ಯಾಂಟಿನಂತೆ ಮಲಗಿದ್ದ. ಆ ಮಡಿಕೆ ಇನ್ನೂ ಸೊಂಟದಿಂದ ಹೋಗಿರಲಿಲ್ಲ.

ಹೆಂಡತಿ ಸುಮ್ಮನಿರದೆ ಪಕ್ಕದ ಔಷಧಿ ಅಂಗಡಿಯವನನ್ನು ಕೂಗಿದಳು. ಅವನು ಫೋನು ಒತ್ತಿ, "ಏಳುನೂರು ಕಿಲೋಮೀಟರ್ ಅಕ್ಕಾ. ಒಂದು ಗಂಟೆ ಹತ್ತು ನಿಮಿಷ, ಅಷ್ಟೇ" ಎಂದ.

ದರ್ಜಿ ಬಾಯಿಂದ ದಾರ ಕಿತ್ತ. "ಅದು ಹಕ್ಕಿಗೆ ಕಣಯ್ಯಾ! ಮನುಷ್ಯನಿಗೆ ಮನೆ ಬಾಗಿಲಿಂದ ಬಾಗಿಲಿಗೆ ಎಣಿಸಬೇಕು."

"ಅದೂ ಸರಿಯೇ," ಎಂದ ಎದುರಿನ ಇಸ್ತ್ರಿಯವನು, ಕಾದ ಪೆಟ್ಟಿಗೆ ಬಿಟ್ಟು ಬಂದು. "ನಮ್ಮ ಷಡ್ಡಕ ಹೋಗಿದ್ನಲ್ಲ, ಎರಡು ಗಂಟೆ ಮುಂಚೆ ಹೋಗಿ ಕೂತಿರಬೇಕಂತೆ."

"ಬೆಲ್ಟು ಬೇರೆ ಬಿಚ್ಚಿಸ್ತಾರೆ," ಎಂದಳು ಮಹಡಿಯಿಂದ ಮನೆಯೊಡತಿ. "ಬೆನ್ನುನೋವಿನೋರು ಬಗ್ಗಿ ಬೂಟು ಹಾಕ್ಕೊಳ್ಳೋದಕ್ಕೇ ಅರ್ಧ ಗಂಟೆ ಹಿಡಿ."

"ರಸ್ತೆ ಅಗೆದಿದ್ದಾರೆ, ಅದಕ್ಕೆರಡು ಗಂಟೆ," ಎಂದ ಇಸ್ತ್ರಿಯವನು ಮತ್ತೆ.

"ಮಂಜು ಬಿದ್ರೆ?" ತನ್ನ ಲೆಕ್ಕ ಸೋತ ಸಿಟ್ಟಿಗೆ ಔಷಧಿ ಅಂಗಡಿಯವನೇ ಎಲ್ಲರಿಗಿಂತ ದೊಡ್ಡ ತುಂಡು ಸೇರಿಸಿದ. "ನಾಲ್ಕು ಗಂಟೆ!"

ಸಂಜೆಯ ಹೊತ್ತಿಗೆ ವಿಮಾನ ಎತ್ತಿನ ಗಾಡಿಯಾಗಿತ್ತು. ದರ್ಜಿ ಸಂಕಟದ ಮುಖ ಮಾಡಿ, ಒಳಗೊಳಗೇ ಹಿಗ್ಗುತ್ತ ಬರೆದ: "ಹತ್ತು ಗಂಟೆಯ ಪ್ರಯಾಣ. ನಿಮ್ಮ ಬೆನ್ನು ತಡೆಯದು." ಹೆಂಡತಿಯ ಕೈಗೆ ಕೊಟ್ಟು ಮಂಚದ ಮೇಲೆ ಉದ್ದಕ್ಕೆ ಕಾಲು ಚಾಚಿದ. ಎಷ್ಟೋ ದಿನದ ಆಯಾಸ ಇಳಿದಂತಾಯಿತು.

ಓದುತ್ತ ಹೆಂಡತಿಯ ಕಣ್ಣು ತುಂಬಿತು. "ಅಯ್ಯೋ ಪಾಪ! ಇಷ್ಟು ನರಳಿಕೊಂಡು ಬಂದೋನನ್ನ ಎರಡೇ ದಿನಕ್ಕೆ ವಾಪಸ್ಸು ಅಟ್ಟೋಕಾಗುತ್ತಾ? ನಾವೇನು ಮನುಷ್ಯರಲ್ವಾ?"

ಭಾವ ತಂಗಿಯ ಮಾತು ಎಂದೂ ಮೀರಿದವರಲ್ಲ. ಅವಳು ಕೆಳಗೆ ಬರೆದಳು: "ಅಣ್ಣಾ, ಬರದಿದ್ದರೆ ನನ್ನಾಣೆ. ಬಂದಮೇಲೆ ಬೆನ್ನು ಪೂರ್ತಿ ವಾಸಿಯಾಗುವ ತನಕ ಹೋಗುವ ಮಾತೆತ್ತಬೇಡ. ಮಂಚ ನಿನಗೇ."

ದರ್ಜಿ ದಡಬಡಿಸಿ ಎದ್ದ. "ತಾ ಇಲ್ಲಿ, ನಾಳೆ ನಾನೇ ಅಂಚೆಗೆ ಹಾಕ್ತೀನಿ!"

"ನಿಮಗ್ಯಾಕೆ ತೊಂದ್ರೆ ಅಣ್ಣಾ, ನಾನು ಆ ಕಡೆಗೇ ಹೊರಟಿದ್ದೀನಿ," ಎಂದು ಬಾಗಿಲಲ್ಲೇ ನಿಂತಿದ್ದ ಇಸ್ತ್ರಿಯವನು ಕಾಗದ ಕಸಿದುಕೊಂಡ.

ದರ್ಜಿ ಪೊರಕೆ ಹಿಡಿದು ಮೇಜಿನ ಕೆಳಗೆ ತೆವಳಿದ. ಚಿಂದಿ ಗುಡಿಸುತ್ತಿದ್ದಂತೆ, ರಸ್ತೆಯ ಮೂಲೆಯಲ್ಲಿ ಅಂಚೆ ಡಬ್ಬಿಯ ಮುಚ್ಚಳ ಟಪ್ಪೆಂದದ್ದು ಕೇಳಿಸಿತು.