ಅತ್ತೆಯ ಕ್ಯಾನಿನಲ್ಲಿ ಕೊಣನೂರು

ಮನುಷ್ಯರಿಗೆ ಬರುವ ರೋಗಗಳು ಎಷ್ಟು ಬಗೆ? ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದ ನಾನು ಇದಕ್ಕೆ ಇಡೀ ಮಧ್ಯಾಹ್ನ ಉತ್ತರ ಹೇಳಬಲ್ಲೆ. ಕೊಣನೂರಿನ ನನ್ನ ಸೋದರತ್ತೆಗೆ ಒಂದು ಉಸಿರು ಸಾಕಿತ್ತು! ಕಾರಣ ಒಂದೇ: ಬೇರೆ ಊರಿನ ನೀರು. ಬಗೆ ಮಾತ್ರ ಊರಿಗೊಂದು. ಹೊಳೆನರಸೀಪುರದ ನೀರಿಗೆ ಮಂಡಿನೋವು, ಚನ್ನರಾಯಪಟ್ಟಣದ್ದಕ್ಕೆ ಹೊಟ್ಟೆಯುಬ್ಬರ, ಹಾಸನದ ನಲ್ಲಿಯದಕ್ಕೆ ನೆಗಡಿ ಮತ್ತು ಜಂಬ. ಜಂಬವೂ ರೋಗವೇ? ಅತ್ತೆಯ ಪ್ರಕಾರ ವಾಸಿಯಾಗದ್ದು ಅದೊಂದೇ!

ಹಾಗಾಗಿ ಅತ್ತೆ ಹಾಸನದ ನಮ್ಮ ಮನೆಗೆ ಬಂದರೆ, ಅಡುಗೆ ಎಣ್ಣೆಯ ಹಳೇ ಕ್ಯಾನಿನಲ್ಲಿ ಊರ ಹೊಳೆ ಕಾವೇರಿಯೂ ಬರುತ್ತಿದ್ದಳು. ಕ್ಯಾನು ಹಳದಿಯದೆಂದು ನನ್ನ ನೆನಪು. ತಂಗಿ ನೀಲಿ ಎನ್ನುತ್ತಾಳೆ.

"ಯಾಕಜ್ಜಿ, ಹಾಸನದಲ್ಲಿ ನೀರಿಲ್ವಾ?" ಎಂದನಂತೆ ಬಸ್ಸಿನ ಕಂಡಕ್ಟರು.

"ಅದ್ನ ಕುಡ್ದೇ ಕಣಪ್ಪ ನೀನು ಇಂಗೆ ಎಲ್ಲಾರ ಮೇಲೂ ರೇಗೋದು!"

ಬಸ್ಸೆಲ್ಲ ನಕ್ಕಿತು. ಆ ನಗುವನ್ನು ಕಿವಿಯಾರೆ ಕೇಳಿದೆನೆಂದು ಎಷ್ಟೋ ಜನರಿಗೆ ಹೇಳಿದ್ದೇನೆ. ನಿಜಕ್ಕೂ ನಾನು ಆ ಬಸ್ಸಿನಲ್ಲಿದ್ದೆನೇ?

ಒಮ್ಮೆ ನನ್ನ ವಿದ್ಯೆ ತೋರಿಸಹೋದೆ. "ಅತ್ತೆ, ಕಾಯಿಲೆ ಬರೋದು ಕಣ್ಣಿಗೆ ಕಾಣದ ಹುಳದಿಂದ."

"ಆ ಉಳ ಯಾವೂರಿಂದ್ಲಾ? ಅದ ಏಳು ಮೊದ್ಲು!"

ಎಂಎಸ್ಸಿಯಲ್ಲಿ ಅದನ್ನು ಕಲಿಸಿರಲಿಲ್ಲ.

ಆಮೇಲೆ ಅತ್ತೆಯೇ ಹಾಸನದ ಆಸ್ಪತ್ರೆ ಸೇರಿದಳು. "ಇದಕ್ಕೆ ಇಂಥದ್ದೇ ಕಾರಣ ಅಂತಿಲ್ಲಮ್ಮ" ಎಂದರು ಡಾಕ್ಟರು. ಕಾರಣವಿಲ್ಲದ ಕಾಯಿಲೆಯೆಂದರೆ ಅತ್ತೆಗೆ ಅವಮಾನ. ಗೋಡೆಗೆ ಮುಖ ಮಾಡಿ ಮಲಗಿದಳು. ಮಾತ್ರೆ ನುಂಗಲಿಲ್ಲ, ನೀರು ಮುಟ್ಟಲಿಲ್ಲ. ಹೀಗೇ ಬಿಟ್ಟರೆ ಕಷ್ಟ ಎಂದು ನರ್ಸ್ ನನ್ನನ್ನು ಹೊರಗೆ ಕರೆದು ಹೇಳಿದರು.

ಕ್ಯಾನು ಹಿಡಿದು ಕೊಣನೂರಿನ ಬಸ್ಸು ಹತ್ತಿದೆ. ಹೊಳೆಯಲ್ಲಿ ತುಂಬಿಸಿದೆ. ಓದಿದ ಬುದ್ಧಿ ಕೇಳಬೇಕಲ್ಲ? ಮನೆಗೆ ತಂದು ಕುದಿಸಿ, ಆರಿಸಿ, ಅದೇ ಕ್ಯಾನಿಗೆ ಹಾಕಿ ಒಯ್ದೆ.

ಅತ್ತೆ ಮೂಸಿದಳು. "ಕುದ್ಸಿದ್ದೀಯ?"

"ಹೂಂ."

"ಉಳ ಎಲ್ಲಾ ಸತ್ವಾ?"

"ಸತ್ತವು."

"ಪಾಪ ಕಣ್ಲಾ, ನಮ್ಮೂರವು!"

ಮಾತ್ರೆ ನುಂಗಿ ಅರ್ಧ ಲೋಟ ಕುಡಿದಳು. ಉಳಿದರ್ಧ ನನ್ನ ಕಡೆ ಚಾಚಿದಳು. "ನೀನೂ ಕುಡಿ ಮಗ. ಊರು ಬಿಟ್ಟಾಗ್ನಿಂದ ನಿನ್ ಮಕಾನೂ ಸರೀಗಿಲ್ಲ."

ಕುಡಿದೆ. ಎಣ್ಣೆಯ ವಾಸನೆಯಿತ್ತು. ಇತ್ತೆಂದೇ ನೆನಪು.

ಆ ಮಳೆಗಾಲ ಕಳೆಯುವುದರೊಳಗೆ ಅತ್ತೆ ಹೋದಳು. ಮೊನ್ನೆ ನನಗೆ ಜ್ವರ. ಡಾಕ್ಟರು ಚೀಟಿ ಬರೆಯುತ್ತಾ, "ಗಾಬರಿ ಬೇಡ, ವೈರಲ್" ಎಂದರು.

"ಯಾವೂರಿಂದು ಸಾರ್?" ಎಂದುಬಿಟ್ಟೆ.

ಅವರು ನಕ್ಕರು. ನಾನು ಉತ್ತರಕ್ಕೆ ಕಾಯುತ್ತಿದ್ದೆ.