ಹಿಟ್ಟಿನ ಕೋಲಿಗೆ ವಾರ್ನಿಷ್

ಮಂಡ್ಯದಲ್ಲಿ ಅಭಿರುಚಿ ಎಂಬುದು ಯಾರಿಗಾದರೂ ಇದ್ದರೆ ಅದು ನನಗೆ ಮಾತ್ರ ಎಂದು ಎಪ್ಪತ್ತರ ದಶಕದಲ್ಲಿ ನಾನು ದೃಢವಾಗಿ ನಂಬಿದ್ದೆ. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ನಂಬದೆ ಇನ್ಯಾರು ನಂಬಬೇಕು! ಹಾಗಾಗಿ ನಮ್ಮ ಬೀದಿಯ ಸಂಘದವರು ಬಂದು, "ಮನೆಬಳಕೆಯ ಚೆಲುವಾದ ಸಾಮಾನುಗಳ ಪ್ರದರ್ಶನ ಇಟ್ಕೊಂಡಿದೀವಿ, ನೀವೇ ಆರಿಸಿಕೊಡಿ, ಉದ್ಘಾಟನೆಗೆ ಮೈಸೂರಿಂದ ದೊಡ್ಡ ಸಾಹೇಬರು ಬರ್ತಾರೆ" ಎಂದಾಗ ಒಂದು ಕ್ಷಣವೂ ಹಿಂಜರಿಯಲಿಲ್ಲ. ಸಾಹೇಬರು ಮೆಚ್ಚಿದರೆ ಮೈಸೂರಿನ ಪ್ರದರ್ಶನಕ್ಕೂ ನನ್ನನ್ನೇ ಕರೆದಾರು ಎಂಬ ಆಸೆ ಬೇರೆ.

ಮೊದಲು ತಿರಸ್ಕರಿಸಿದ್ದು ನನ್ನ ಹೆಂಡತಿ ಶಾರದೆಯ ಬುಟ್ಟಿಯನ್ನು. ಆಗ ಊರಿಗೆ ಊರೇ ಪ್ಲಾಸ್ಟಿಕ್ ವೈರಿನಲ್ಲಿ ಬುಟ್ಟಿ ಹೆಣೆಯುತ್ತಿತ್ತು. ಇವಳದು ಗಿಳಿಹಸಿರು, ಮೇಲೆ ಗುಲಾಬಿ ಬಣ್ಣದ ಹೂವು.

"ಏನೂಂದ್ರೆ, ಒಂದು ತಿಂಗಳು ಕೂತು ಹೆಣೆದಿದೀನಿ."

"ಕಣ್ಣಿಗೆ ಚುಚ್ಚುತ್ತೆ ಕಣೆ. ಅಭಿರುಚಿ ಸಾಲದು."

"ನನ್ನನ್ನ ಆರಿಸಿದ್ದೂ ನೀವೇ ಅಲ್ವಾ?"

ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ. ಸ್ಫೂರ್ತಿ ಹುಡುಕಿಕೊಂಡು ರೈಲು ಹತ್ತಿ ಪಕ್ಕದ ಹಳ್ಳಿ ಹನಕೆರೆಗೆ ಹೋದೆ.

ಅಲ್ಲಿ ನನಗೆ ಮಜ್ಜಿಗೆ ಕೊಟ್ಟ ನಿಂಗಮ್ಮನ ಅಡುಗೆಮನೆಯ ಮೂಲೆಯಲ್ಲಿ ಕಂಡಿತು, ಹಿಟ್ಟಿನ ಕೋಲು! ರಾಗಿಮುದ್ದೆ ತೊಳಸುವ ದೊಣ್ಣೆ. ವರ್ಷಾನುಗಟ್ಟಲೆ ಕೈ ಆಡಿ ನುಣುಪಾಗಿತ್ತು, ನಡುವೆ ಒಂದು ಸಣ್ಣ ಬಳುಕು. ನಮ್ಮದು ಅನ್ನದ ಮನೆ. ಅಂಥದ್ದನ್ನು ಹತ್ತಿರದಿಂದ ನೋಡಿದ್ದೇ ಅಂದು. ರೋಮಾಂಚನವಾಯಿತು. "ಮಂಡ್ಯದ ಪ್ರದರ್ಶನಕ್ಕೆ ಎರಡು ದಿನ ಕೊಡ್ತೀರಾ ಅಮ್ಮಾ?" ಎಂದೆ. ಮನೆಗೆ ಬಂದವನು ಬಾಯಿಬಿಟ್ಟು ಕೇಳಿದ್ದಕ್ಕೆ ಆಕೆ ಇಲ್ಲವೆನ್ನಲಾರದೆ ಕೊಟ್ಟರು.

ತಂದವನೇ ಅಂಟಿದ್ದ ಹಿಟ್ಟು ತೆಗೆದು, ಉಪ್ಪುಕಾಗದದಲ್ಲಿ ತಿಕ್ಕಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಮೂರು ಕೋಟು ವಾರ್ನಿಷ್ ಹೊಡೆದೆ! ಸಭಾಂಗಣದ ನಡುಗೋಡೆಯ ಮೊಳೆಗೆ ತೂಗುಹಾಕಿ, ಕೆಳಗೆ 'ರೂಪದ ಪರಾಕಾಷ್ಠೆ' ಎಂದು ಚೀಟಿ ಅಂಟಿಸಿದೆ.

ಮರುದಿನ ಉದ್ಘಾಟನೆಗೆ ಅರ್ಧ ಗಂಟೆ ಇದೆ ಎನ್ನುವಾಗ ನಿಂಗಮ್ಮ ಸಭಾಂಗಣಕ್ಕೇ ಬಂದರು.

"ಎಲ್ಲಿ ಮಡಗಿದ್ದೀರಿ ಮೇಷ್ಟ್ರೇ ನನ್ ಕೋಲ? ಏಳ್ದೆ ಕೇಳ್ದೆ ಬೀಗ್ರು ಬಂದವ್ರೆ. ನೆನ್ನೆ ಸೌದೆ ತುಂಡಲ್ಲಿ ತೊಳಸ್ದೆ, ಇಟ್ಟೆಲ್ಲಾ ಗಂಟು! ಬೀಗ್ರ ಮುಂದೆ ಮಾನ ಓಯ್ತು ಕಣಪ್ಪ."

"ಇನ್ನೊಂದೇ ಒಂದು ಗಂಟೆ ಅಮ್ಮಾ..."

"ಮದ್ಯಾನಕ್ಕೆ ನಿಮ್ ಚೀಟೀಲಿ ತೊಳಸ್ಲಾ? ಬುಡಿ ಅತ್ಲಾಗೆ!" ಎಂದು ಕೋಲನ್ನು ಇಳಿಸಿಕೊಂಡು ಮೂಸಿ ನೋಡಿದರು. "ಅಯ್ಯೋ ನಿನ್ ಬುದ್ದಿಗಿಷ್ಟು! ಬಾಗ್ಲಿಗೆ ಬಳ್ಯೋದ್ನ ಇದಕ್ಕೆ ಬಳ್ದಿದ್ದೀಯಲ್ಲಪ್ಪ! ಇದ್ರಲ್ಲಿ ತೊಳಸಿದ್ ಇಟ್ಟು ಉಂಡ್ರೆ ಬೀಗ್ರು ಉಳೀತಾರಾ? ಕೆರ್ದ್ ಕೊಡು, ಈಗ್ಲೇ!"

ಕ್ಷಣಾರ್ಧದಲ್ಲಿ ನಾನು ಬಹುವಚನದಿಂದ ಏಕವಚನಕ್ಕೆ ಇಳಿದಿದ್ದೆ. ಗಾಜಿನ ಚೂರೊಂದನ್ನು ಹುಡುಕಿ, ಪಂಚೆ ಎತ್ತಿ ಕಟ್ಟಿ, ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಕೆರೆಯತೊಡಗಿದೆ. ನಿಂಗಮ್ಮ ಸೊಂಟದ ಮೇಲೆ ಕೈಯಿಟ್ಟು ಮೇಲ್ವಿಚಾರಣೆ ನಡೆಸಿದರು. ಖಾಲಿ ಮೊಳೆ ನೋಡಿ ಗಾಬರಿಯಾದ ಸಂಘದ ಕಾರ್ಯದರ್ಶಿ, ನೋಡಲು ಬಂದಿದ್ದ ಶಾರದೆಯ ಕೈಯಿಂದ ಅದೇ ಗಿಳಿಹಸಿರು ಬುಟ್ಟಿ ಇಸಿದುಕೊಂಡು ಅಲ್ಲಿಗೇ ಸಿಕ್ಕಿಸಿದರು. ಚೀಟಿ ಬದಲಿಸಲು ಪುರುಸೊತ್ತಿರಲಿಲ್ಲ.

ಸಾಹೇಬರು ಬಂದವರೇ ಅದರ ಮುಂದೆ ನಿಂತರು. "ರೂಪದ ಪರಾಕಾಷ್ಠೆ! ಸರಿಯಾಗಿ ಬರೆದಿದ್ದೀರಿ. ಇದನ್ನ ಆರಿಸಿದವರು ಯಾರು?"

ಕಾರ್ಯದರ್ಶಿ ನನ್ನತ್ತ ಕೈ ತೋರಿಸಿದರು. ಸಾಹೇಬರು ನನ್ನ ಪಂಚೆಯ ತುಂಬ ಉದುರಿದ್ದ ವಾರ್ನಿಷ್ ಪುಡಿಯನ್ನು ನೋಡಿದರು.

"ಬಡಗೀನ ಆಮೇಲೆ ಮಾತಾಡಿಸೋಣ. ಮೊದಲು ಆರಿಸಿದವರನ್ನ ಕರೀರಿ."

ನಾನು ಎದ್ದೇಳಲು ಹೋದೆ. "ಇನ್ನೂ ವಾಸ್ನೆ ಐತೆ, ಕೆರಿ!" ಎಂದರು ನಿಂಗಮ್ಮ. ಕೂತೆ.

ಶಾರದೆ ಮುಂದೆ ಬಂದು ನಮಸ್ಕಾರ ಮಾಡಿದಳು. "ಮೈಸೂರಿನ ಪ್ರದರ್ಶನಕ್ಕೂ ನೀವೇ ಆರಿಸಿಕೊಡಬೇಕಮ್ಮ" ಎಂದರು ಸಾಹೇಬರು.

ಮೈಸೂರಿಗೆ ಅವಳು ಹೋದಳು. ನಾನೂ ಹೋದೆ, ಗಿಳಿಹಸಿರು ಬುಟ್ಟಿ ಹಿಡಿದುಕೊಂಡು.