ಮೊದಲ ಸುತ್ತು ಎಲ್ಲರೂ ಆಡಬೇಕು

ಪಂದ್ಯಾವಳಿ ನಡೆಸುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೈಸೂರಿನ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರಾಗಿ ನಿವೃತ್ತನಾದವನು ನಾನು. ಖೋ ಖೋ ಇರಲಿ, ಕಬಡ್ಡಿ ಇರಲಿ, ಎಷ್ಟೇ ತಂಡ ಬರಲಿ, ಲೋಟದ ಕಾಫಿ ಆರುವುದರೊಳಗೆ ಯಾರಿಗೆ ಯಾರು ಎದುರಾಳಿ ಎಂದು ಬರೆದು ಬೋರ್ಡಿಗೆ ಅಂಟಿಸುತ್ತಿದ್ದೆ. ಆದ್ದರಿಂದ ಅಟ್ಲಾಂಟಾ ಹತ್ತಿರದ ಕಮ್ಮಿಂಗ್ ಊರಿನ ಮಗಳ ಮನೆಗೆ ಬಂದ ನನಗೆ, ಅಮೆರಿಕದ ಕಾಲೇಜು ಫುಟ್‌ಬಾಲಿನ ಪ್ಲೇಆಫ್ ವ್ಯವಸ್ಥೆ ಸರಿಯಿಲ್ಲವೆಂದು ಕಂಡಾಗ, ಅದನ್ನು ತಿದ್ದುವುದು ನನ್ನ ಕರ್ತವ್ಯವೆನ್ನಿಸಿತು. ತಿದ್ದಿ ಎಂದು ಅಮೆರಿಕ ನನ್ನನ್ನು ಕೇಳಿರಲಿಲ್ಲ, ಅದು ಬೇರೆ ಮಾತು.

ವ್ಯವಸ್ಥೆಯನ್ನು ನನಗೆ ವಿವರಿಸಿದವನು ಅಳಿಯ ಶ್ರೀಧರ.

"ಹೋದ ವರ್ಷದವರೆಗೂ ನಾಲ್ಕೇ ಟೀಮ್ ಇತ್ತು ಮಾವ. ಈ ಸಲ ಹನ್ನೆರಡು ಮಾಡಿದ್ದಾರೆ. ಅದರಲ್ಲಿ ನಾಲ್ಕು ಲೀಗ್ ಚಾಂಪಿಯನ್‌ಗಳಿಗೆ ಬೈ."

ಬೈ ಎಂದರೆ ಮೊದಲ ಸುತ್ತು ಆಡದೆ, ಮನೆಯಲ್ಲಿ ಕಾಲು ಚಾಚಿ ಕೂತು, ನೇರವಾಗಿ ಎರಡನೇ ಸುತ್ತಿಗೆ ಹೋಗುವ ಸೌಭಾಗ್ಯ.

"ಚೀಟಿ ಎತ್ತಿ ಕೊಟ್ಟರೋ?"

"ಇಲ್ಲ ಮಾವ, ಕಮಿಟಿ ಕೂತು ರ‍್ಯಾಂಕ್ ಮಾಡುತ್ತೆ."

"ಕಮಿಟಿ! ನಮ್ಮ ಕಾಲೇಜಲ್ಲಿ ಹಾಗೆ ಮಾಡಿದ್ದರೆ ಹುಡುಗರು ನನ್ನ ಸೈಕಲ್ ಟೈರು ಕೊಯ್ದು ಹಾಕ್ತಿದ್ದರು. ಅಲ್ಲಯ್ಯ, ಹದಿನಾರು ತಂಡ ಕರೆದರೆ ಈ ಬೈ ಅನ್ನೋದೇ ಬೇಡವಲ್ಲ!"

ಶ್ರೀಧರ ಲ್ಯಾಪ್‌ಟಾಪ್ ನೋಡುತ್ತ "ಹೌದು ಮಾವ" ಎಂದ. ಆ ದಿನಗಳಲ್ಲಿ ನಾನು ಏನು ಹೇಳಿದರೂ ಅವನು ಹೌದು ಎನ್ನುತ್ತಿದ್ದ. ಅವನ ಆಫೀಸಿನಲ್ಲಿ ಒಂದಷ್ಟು ಜನರನ್ನು ತೆಗೆಯುತ್ತಾರೆಂಬ ಸುದ್ದಿಯಿತ್ತು. ಅವನಿರುವುದು ಕೆಲಸದ ವೀಸಾದ ಮೇಲೆ. ಕೆಲಸ ಹೋದರೆ ಎರಡು ತಿಂಗಳೊಳಗೆ ಬೇರೊಂದು ಹುಡುಕಬೇಕು, ಇಲ್ಲವೇ ಸಂಸಾರ ಸಮೇತ ದೇಶ ಬಿಡಬೇಕು. ನಾನು ಮಾತ್ರ ಹದಿನಾರು ತಂಡಗಳ ಚಾರ್ಟನ್ನು ಸ್ಕೇಲಿಟ್ಟು ಬರೆಯುತ್ತಿದ್ದೆ.

ಅದೇ ವಾರ ಶ್ರೀಧರನ ಮ್ಯಾನೇಜರ್ ಕೆವಿನ್ ಊಟಕ್ಕೆ ಬರುವವನಿದ್ದ. ಮಗಳು ವೀಣಾ ನನ್ನನ್ನು ಪಕ್ಕಕ್ಕೆ ಕರೆದಳು.

"ಅಪ್ಪ, ಪ್ಲೀಸ್, ಆಫೀಸ್ ವಿಷಯ ಒಂದು ಮಾತೂ ಎತ್ತಬೇಡಿ."

"ಎತ್ತೋದಿಲ್ಲ. ಬರೀ ಫುಟ್‌ಬಾಲ್ ಮಾತಾಡ್ತೀನಿ."

ನಾನು ಕೊಟ್ಟ ಮಾತಿಗೆ ತಪ್ಪುವವನಲ್ಲ. ಅಂದೂ ತಪ್ಪಲಿಲ್ಲ. ಅನಾಹುತವಾದದ್ದೇ ಅದರಿಂದ!

ಕೆವಿನ್ ಒಳ್ಳೆಯ ಮನುಷ್ಯ. ಬಿಸಿಬೇಳೆಬಾತ್ ತಿಂದು ಕಣ್ಣಲ್ಲಿ ನೀರು ಬಂದರೂ ಎರಡನೇ ಸಲ ಹಾಕಿಸಿಕೊಂಡ. ನಾನು ಪಿ.ಟಿ. ಮೇಷ್ಟ್ರೆಂದು ತಿಳಿದೊಡನೆ ನನ್ನನ್ನು "ಕೋಚ್" ಎಂದು ಕರೆಯತೊಡಗಿದ. ಈ ದೇಶಕ್ಕೆ ಬಂದ ಮೇಲೆ ನನ್ನನ್ನು ಅಂಕಲ್ ಎಂಬುದರ ಹೊರತು ಬೇರೆ ಹೆಸರಿನಿಂದ ಕರೆದವನು ಅವನೊಬ್ಬನೇ. ಎದೆ ಉಬ್ಬಿತು. ನಮ್ಮ ಸಂಭಾಷಣೆ ನಡೆದದ್ದು ಇಂಗ್ಲಿಷಿನಲ್ಲಿ. ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ನನ್ನ ಭಾಗ ಹಾಗಾದರೂ ಸರಾಗವಾಗಿ ಕಾಣಲಿ ಎಂದು.

"ನಮ್ಮ ತಂಡಕ್ಕೆ ಬೈ ಸಿಕ್ಕಿದೆ ಕೋಚ್," ಎಂದ ಕೆವಿನ್. "ಲೀಗ್ ಗೆದ್ದು ಸಂಪಾದಿಸಿದ್ದು ಅದು."

"ಗೆದ್ದದ್ದು ಅಲ್ಲಿ. ಇದು ಹೊಸ ಪಂದ್ಯಾವಳಿ," ಎಂದು ಚಾರ್ಟನ್ನು ಉಪ್ಪಿನಕಾಯಿ ಬಾಟಲಿಗೆ ಒರಗಿಸಿ ನಿಲ್ಲಿಸಿದೆ. "ಹದಿನಾರು ತಂಡ. ಮೊದಲ ಸುತ್ತು ಎಲ್ಲರೂ ಆಡಬೇಕು."

ಕೆವಿನ್ ಚಮಚ ಕೆಳಗಿಟ್ಟ. "ಅಂದರೆ, ವರ್ಷವಿಡೀ ಚೆನ್ನಾಗಿ ಆಡಿದವರಿಗೂ ರಕ್ಷಣೆ ಬೇಡ?"

"ಬೇಡ."

"ಎಷ್ಟೋ ವರ್ಷಗಳಿಂದ ಹೆಸರು ಮಾಡಿದವರಿಗೆ?"

"ಅವರಿಗಂತೂ ಕೊಡಲೇಬಾರದು! ಮನೆಯಲ್ಲಿ ಕೂತವನ ಮೈ ಜಡ್ಡುಗಟ್ಟುತ್ತದೆ. ಆಡಿ ಬಂದವನು ಬಿಸಿಯಾಗಿರುತ್ತಾನೆ. ಮೈದಾನಕ್ಕೆ ಇಳಿದರೆ ತಾನೇ ಯೋಗ್ಯತೆ ಗೊತ್ತಾಗುವುದು?"

ಶ್ರೀಧರನಿಗೆ ಕೆಮ್ಮು ಹತ್ತಿತು. ವೀಣಾ "ಅಪ್ಪ, ಮೊಸರನ್ನ ಹಾಕ್ಲಾ?" ಎಂದು ಮೂರನೇ ಸಲ ಕೇಳಿದಳು. ಮೇಜಿನ ಕೆಳಗೆ ನನ್ನ ಹೆಂಡತಿ ಕಮಲ ನನ್ನ ಕಾಲನ್ನು ಬಲವಾಗಿ ತುಳಿದಳು. ನನ್ನ ಇಂಗ್ಲಿಷಿನಲ್ಲೇನೋ ಎಡವಟ್ಟಾಗಿದೆ ಎಂದುಕೊಂಡು, ಹೇಳಿದ್ದನ್ನೇ ಇನ್ನೂ ಗಟ್ಟಿಯಾಗಿ ಹೇಳಿದೆ!

ಕೆವಿನ್ ಚಾರ್ಟಿನತ್ತ ಬಾಗಿ ಗೆರೆಗಳನ್ನು ಬೆರಳಿಟ್ಟು ನೋಡಿದ. ಆಮೇಲೆ ಫೋನ್ ತೆಗೆದು ಚಾರ್ಟಿನ ಫೋಟೊ ಹೊಡೆದುಕೊಂಡ. ನನ್ನ ನಂಬರನ್ನೂ ಬರೆದುಕೊಂಡ. ಹೋಗುವಾಗ ನನ್ನ ಕೈಯನ್ನು ಬಹಳ ಹೊತ್ತು ಕುಲುಕಿದ.

ಅವನ ಕಾರು ತಿರುವು ದಾಟಿದ ಮೇಲೆ ಶ್ರೀಧರ ಮೆಲ್ಲಗೆ ಹೇಳಿದ: "ಮಾವ, ನಮ್ಮ ಟೀಮಲ್ಲಿ ನಾಲ್ಕು ಜನ ಹೋಗಬೇಕು. ಯಾರು ಅಂತ ರಿವ್ಯೂ ಮಾಡಿ ಆರಿಸ್ತಾರೆ. ಸೀನಿಯರ್‌ಗಳಿಗೆ ಮಾತ್ರ ರಿವ್ಯೂ ಬೇಡ, ಅವರು ಸೇಫ್ ಅಂತ ಹೋದ ವಾರ ಅವನೇ ಹೇಳಿದ್ದ. ನಾನು ಸೀನಿಯರ್."

"ಅಯ್ಯೋ, ನನಗೊಂದು ಮಾತು ಹೇಳಬಾರದಿತ್ತೇನಯ್ಯ?"

"ಹೇಳಿದ್ದರೆ ಅದಕ್ಕೂ ಒಂದು ಚಾರ್ಟ್ ಬರೀತಿದ್ರಿ," ಎಂದಳು ಕಮಲ.

ಸೋಮವಾರದ ಮೀಟಿಂಗಿನಲ್ಲಿ ಕೆವಿನ್ ನನ್ನ ಚಾರ್ಟಿನ ಫೋಟೊವನ್ನು ದೊಡ್ಡ ಪರದೆಯ ಮೇಲೆ ಹಾಕಿದನಂತೆ. ಇನ್ನು ಯಾರಿಗೂ ಬೈ ಇಲ್ಲ, ರಿವ್ಯೂ ಎಲ್ಲರಿಗೂ ಎಂದನಂತೆ. ಹೊಸದಾಗಿ ಸೇರಿದವರು ಚಪ್ಪಾಳೆ ತಟ್ಟಿದರಂತೆ. ನನ್ನ ಚಾರ್ಟಿಗೆ ಮೈಸೂರಿನಲ್ಲಿ ಒಮ್ಮೆಯೂ ಚಪ್ಪಾಳೆ ಬಿದ್ದಿರಲಿಲ್ಲ.

ತಪ್ಪನ್ನು ಸರಿಪಡಿಸುವುದೂ ಶಿಸ್ತಿನ ಒಂದು ಭಾಗ. ಕೂಡಲೇ ಕೆವಿನ್‌ಗೆ ಸಂದೇಶ ಕಳಿಸಿದೆ: "ವಿಷಯವನ್ನು ಕೂಲಂಕಷವಾಗಿ ಮರುಪರಿಶೀಲಿಸಲಾಗಿ, ಬೈ ಪದ್ಧತಿಯೇ ಅತ್ಯಂತ ನ್ಯಾಯಸಮ್ಮತವೆಂಬ ತೀರ್ಮಾನಕ್ಕೆ ಬಂದಿರುತ್ತೇನೆ." ತಕ್ಷಣ ಉತ್ತರ ಬಂತು: "ಕೋಚ್, ನನಗಾಗಿ ಮೆತ್ತಗಾಗಬೇಡಿ. ನಿಮ್ಮ ಮೊದಲ ಮಾತೇ ಸರಿ!"

ಉಳಿದದ್ದು ಒಂದೇ ದಾರಿ, ತರಬೇತಿ. ರಿವ್ಯೂಗೆ ಇನ್ನೊಂದು ವಾರವಿತ್ತು. ಮಾರನೆಯ ಬೆಳಗಿನಿಂದಲೇ ಶ್ರೀಧರನನ್ನು ಕತ್ತಲಿರುವಾಗಲೇ ಎಬ್ಬಿಸಿ, ಮನೆಗಳ ಸಾಲನ್ನು ಸುತ್ತಿಸಿ, ಆಮೇಲೆ ಓದಲು ಕೂರಿಸಿದೆ. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು.

"ಮಾವ, ರಿವ್ಯೂ ಅಂದರೆ ಪ್ರಾಜೆಕ್ಟ್ ಬಗ್ಗೆ ಕೇಳ್ತಾರೆ. ರನ್ನಿಂಗ್ ಅಲ್ಲ."

"ಮೈ ಚುರುಕಾದರೆ ತಲೆ ಚುರುಕು. ನಡಿ, ಇನ್ನೊಂದು ಸುತ್ತು."

ಪಾಪ, ಓಡಿದ. ನಾಲ್ಕನೇ ದಿನ ಸೀನಿದ. ರಿವ್ಯೂ ದಿನ ಜ್ವರ. ಮಾತ್ರೆ ನುಂಗಿ, ಮೂಗು ಒರೆಸಿಕೊಳ್ಳುತ್ತ, ಲ್ಯಾಪ್‌ಟಾಪಿನ ಮುಂದೆ ಕೂತು, ಕೇಳಿದ ಪ್ರಶ್ನೆಯನ್ನೇ ಮತ್ತೊಮ್ಮೆ ಕೇಳಿಸಿಕೊಂಡು ಉತ್ತರ ಕೊಟ್ಟನಂತೆ. ಅವನ ಬಗ್ಗೆ ಬಂದ ಅಭಿಪ್ರಾಯ ಎರಡೇ ಪದ: "ಉತ್ಸಾಹ ಸಾಲದು."

ಕ್ರಿಸ್‌ಮಸ್‌ಗೆ ಮುಂಚೆಯೇ ಕೆಲಸ ಹೋಯಿತು.

ಆ ಸಂಜೆ ವೀಣಾ ಗ್ಯಾರೇಜಿನಲ್ಲಿ, ನಿಂತ ಕಾರಿನೊಳಗೆ ಕೂತು ಅತ್ತಳು. ನಮಗೆ ಕೇಳಿಸಬಾರದೆಂದು. ಆಮೇಲೆ ಮುಖ ತೊಳೆದುಕೊಂಡು ಒಳಗೆ ಬಂದು ಅನ್ನಕ್ಕಿಟ್ಟಳು. ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಊಟ ಸೇರುತ್ತಿತ್ತು.

ಹೊಸ ವರ್ಷದ ಹೊತ್ತಿಗೆ ಟಿ.ವಿ.ಯಲ್ಲಿ ಎರಡನೇ ಸುತ್ತು. ಧ್ವನಿ ಪೂರ್ತಿ ತಗ್ಗಿಸಿ ಒಬ್ಬನೇ ನೋಡಿದೆ. ಬೈ ಸಿಕ್ಕಿದ್ದ ಮೊದಲ ತಂಡ ಸೋತಿತು. ಎರಡನೆಯದೂ ಸೋತಿತು. ಮೂರನೆಯದೂ. ಕೊನೆಗೆ ಕೆವಿನ್‌ನ ತಂಡವೂ! ನಾಲ್ಕಕ್ಕೆ ನಾಲ್ಕೂ ಮನೆಗೆ ಹೋದವು. ನನ್ನ ಜೀವಮಾನದ ಕ್ರೀಡಾ ಸಿದ್ಧಾಂತವೊಂದು ಇಡೀ ಅಮೆರಿಕದ ಎದುರು ಸಾಬೀತಾಯಿತು. ಅದನ್ನು ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರೂ ಇರಲಿಲ್ಲ. ಮಹಡಿಯ ಮೇಲೆ ಶ್ರೀಧರ ಯಾರಿಗೋ ಫೋನಿನಲ್ಲಿ ತನ್ನ ಅನುಭವವನ್ನೆಲ್ಲ ಮೊದಲಿನಿಂದ ವಿವರಿಸುತ್ತಿದ್ದ. ಮಧ್ಯೆ ಮಧ್ಯೆ ಕೆಮ್ಮುತ್ತಿದ್ದ.

ಎರಡು ದಿನ ಬಿಟ್ಟು ಕೆವಿನ್‌ನ ಸಂದೇಶ: "ಕೋಚ್, ನೀವೇ ಗೆದ್ದಿರಿ! ಅಟ್ಲಾಂಟಾದಲ್ಲಿ ಫೈನಲ್. ನನ್ನ ಹತ್ತಿರ ಒಂದು ಟಿಕೆಟ್ ಹೆಚ್ಚಿಗೆ ಇದೆ. ನನ್ನ ಪಕ್ಕದಲ್ಲೇ ಸೀಟು. ಬರಲೇಬೇಕು."

ಅಡುಗೆಮನೆಯಲ್ಲಿ ನಿಂತು ಓದಿದೆ. ಕಮಲ ಸೌಟು ಹಿಡಿದುಕೊಂಡೇ ಇಣುಕಿದಳು.

"ಹೋಗಿ ಬನ್ನಿ. ಪಕ್ಕದಲ್ಲೇ ಕೂತಿರ್ತೀರಲ್ಲ, ಅಳಿಯಂದಿರ ಕೆಲಸದ ಬಗ್ಗೆ ಬಾಯಿ ಬಿಟ್ಟು ಕೇಳಿ."

"ಬೇಡಮ್ಮ!" ಎಂದು ವೀಣಾ ಚೀರಿದಳು. "ಅಪ್ಪ ಏನೂ ಕೇಳೋದು ಬೇಡ!"

"ಹೋಗೋದೇ ಇಲ್ಲ," ಎಂದೆ. "ಅಷ್ಟು ದೂರ. ನನಗೆ ಕಾರು ಓಡಿಸೋಕೂ ಬರೋದಿಲ್ಲ."

ಆಗ ಮೆಟ್ಟಿಲಿಳಿದು ಶ್ರೀಧರ ಬಂದ. ನನ್ನ ಕೈಯಿಂದ ಫೋನ್ ತೆಗೆದುಕೊಂಡು ಪೂರ್ತಿ ಓದಿದ. ಹಿಂದಕ್ಕೆ ಕೊಟ್ಟ.

"ಹೋಗಿ ಮಾವ, ಇಂಥ ಚಾನ್ಸ್ ಮತ್ತೆ ಸಿಗಲ್ಲ. ನಾನೇ ಡ್ರಾಪ್ ಮಾಡ್ತೀನಿ. ಮ್ಯಾಚ್ ಇರೋದು ಸೋಮವಾರ, ನನಗೇನು ಆಫೀಸ್ ಇದೆಯಾ?"

ಹೇಳಿ ಅವನು ನಕ್ಕ. ನಾನೂ ನಗಲು ಹೋದೆ. ಮೊದಲ ಸುತ್ತಿನಲ್ಲೇ ಸೋತೆ!